ಗಡ್ಡೆ ಏನು ತಿನ್ನುತ್ತದೆ?

ವೈದ್ಯವಿಜ್ಞಾನದ ಚರಿತ್ರೆ ಓದುವ ನನ್ನನ್ನು ಪ್ರಾಸ್ಟೇಟ್ ಕ್ಯಾನ್ಸರ್‌ನಷ್ಟು ಕಾಡಿದ ಕಾಯಿಲೆಗಳು ಕಡಿಮೆ. ವಯಸ್ಸಾದ ಗಂಡಸರ ಈ ಗ್ರಂಥಿಯಲ್ಲಿ ಹುಟ್ಟುವ ಎಷ್ಟೋ ಗಡ್ಡೆಗಳು ಕೊನೆಯವರೆಗೂ ಸುಮ್ಮನಿರುತ್ತವೆ. ಕೆಲವು ಮಾತ್ರ ಮೂಳೆಗೆ ಹಬ್ಬಿ ಕೊಲ್ಲುತ್ತವೆ. ಪಿಎಸ್‌ಎ ರಕ್ತಪರೀಕ್ಷೆ ಬಂದ ಮೇಲೆ ಗಡ್ಡೆಗಳೇನೋ ಹೆಚ್ಚು ಹೆಚ್ಚು ಸಿಕ್ಕವು, ಆದರೆ ಯಾವುದು ಯಾವ ಸ್ವಭಾವದ್ದೆಂದು ಅದು ಹೇಳಲಿಲ್ಲ. ಸುಮ್ಮನಿರುತ್ತಿದ್ದ ಗಡ್ಡೆಗೂ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮೂತ್ರದ ಹಿಡಿತ, ಲೈಂಗಿಕ ಶಕ್ತಿ ಕಳೆದುಕೊಂಡವರು ಬಹಳ ಮಂದಿ. ಗಡ್ಡೆ ಎಷ್ಟು ದೊಡ್ಡದು ಎಂಬುದರ ಬದಲು ಅದು ಏನು ತಿಂದು ಬದುಕುತ್ತಿದೆ ಎಂದು ಕೇಳಬೇಕಿತ್ತು.

ಆ ಪ್ರಶ್ನೆ ಹಳೆಯದೇ. 1920ರ ದಶಕದಲ್ಲಿ ಬರ್ಲಿನ್ನಿನ ಒಟ್ಟೊ ವಾರ್‌ಬರ್ಗ್ ಒಂದು ವಿಚಿತ್ರ ಕಂಡರು. ಆಮ್ಲಜನಕ ಧಾರಾಳವಾಗಿದ್ದರೂ ಕ್ಯಾನ್ಸರ್ ಕೋಶಗಳು ಸಕ್ಕರೆಯನ್ನು ಪೂರ್ತಿ ಉರಿಸದೆ ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. (ನಮ್ಮ ಮೊಸರಿಗೆ ಹುಳಿ ತರುವುದೂ ಇದೇ ಆಮ್ಲ.) ಕೋಶದ ಉಸಿರಾಟ ಕೆಡುವುದೇ ಕ್ಯಾನ್ಸರ್‌ಗೆ ಮೂಲ ಎಂಬ ಅವರ ವಾದ ನಿಲ್ಲಲಿಲ್ಲ, ಕಂಡದ್ದು ಮಾತ್ರ ಉಳಿಯಿತು.

1976ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ವಿಕಿರಣದ ಗುರುತು ಹಚ್ಚಿದ, ಗ್ಲೂಕೋಸ್‌ನಂಥ ವಸ್ತುವೊಂದನ್ನು ಮೊದಲ ಬಾರಿಗೆ ಮನುಷ್ಯರಿಗೆ ಚುಚ್ಚಲಾಯಿತು. ಅದನ್ನು ಬಳಸುವ ಪೆಟ್ ಸ್ಕ್ಯಾನ್ ಅನೇಕ ಕ್ಯಾನ್ಸರ್‌ಗಳನ್ನು ಹಿಡಿಯಿತು, ಪ್ರಾಸ್ಟೇಟ್‌ನ ಮುಂದೆ ಮಾತ್ರ ಸೋತಿತು. ಇಲ್ಲಿನ ಆರಂಭದ ಗಡ್ಡೆಗಳಿಗೆ ಸಕ್ಕರೆಯ ಹಸಿವು ಕಡಿಮೆ. ಸಾಲದ್ದಕ್ಕೆ ಅದೇ ವಸ್ತು ಪಕ್ಕದ ಮೂತ್ರಕೋಶದಲ್ಲಿ ತುಂಬಿ ಹೊಳೆಯುತ್ತದೆ.

ದಾರಿ ತೆರೆದದ್ದು ಸ್ವೀಡನ್ನಿನ ಮಾಲ್ಮೊ ನಗರದಲ್ಲಿ. 2003ರಲ್ಲಿ ಆರ್ಡೆನ್‌ಕ್ಯಾರ್-ಲಾರ್ಸನ್ ಮತ್ತು ಸಂಗಡಿಗರು ಕಾರ್ಬನ್-13 ಇರುವ ಅಣುಗಳನ್ನು ಸೊನ್ನೆಗಿಂತ 270 ಡಿಗ್ರಿಗೂ ಕೆಳಗೆ ತಣಿಸಿ, ಕಾಂತಕ್ಷೇತ್ರದಲ್ಲಿಟ್ಟು ಮೈಕ್ರೋವೇವ್ ಹಾಯಿಸಿ, ತಟ್ಟನೆ ಬಿಸಿ ದ್ರವದಲ್ಲಿ ಕರಗಿಸಿದರು. ಸಂಕೇತ 10,000 ಪಟ್ಟಿಗೂ ಮೀರಿ ಬಲವಾಯಿತು. ಹೀಗೆ ಸಿದ್ಧಪಡಿಸಿದ ಪೈರುವೇಟ್ ಕೋಶದೊಳಗೆ ಹೋಗಿ ಲ್ಯಾಕ್ಟೇಟ್ ಆಗುವುದನ್ನು ಎಂಆರ್‌ಐ ಯಂತ್ರ ನೇರವಾಗಿ ನೋಡಬಲ್ಲದು, ಅದೂ ವಿಕಿರಣವಿಲ್ಲದೆ. ತೊಡಕು ಒಂದೇ: ಆ ಸಂಕೇತ ಒಂದೆರಡು ನಿಮಿಷದಲ್ಲಿ ಆರಿಹೋಗುತ್ತದೆ. ಪಕ್ಕದಲ್ಲೇ ತಯಾರಿಸಿ, ಓಡಿ ತಂದು, ಚುಚ್ಚಿ, ಚಿತ್ರ ತೆಗೆಯಬೇಕು.

ಇಲಿಗಳಲ್ಲಿ ಗಡ್ಡೆಯ ಉಗ್ರತೆ ಏರಿದಂತೆ ಲ್ಯಾಕ್ಟೇಟ್ ಕೂಡ ಏರಿದ್ದು ಕಂಡ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮನುಷ್ಯರ ಸರದಿ ಬಂತು. 2013ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿದ್ದವರು 31 ಗಂಡಸರು. ಪರೀಕ್ಷಿಸಬೇಕಿದ್ದದ್ದು ಮುಖ್ಯವಾಗಿ ಸುರಕ್ಷತೆಯನ್ನು. ಆದರೆ ಅವರಲ್ಲೊಬ್ಬರ ಗ್ರಂಥಿಯಲ್ಲಿ, ಬೇರೆ ಚಿತ್ರಗಳು ಏನೂ ಇಲ್ಲವೆಂದಿದ್ದ ಕಡೆಯಲ್ಲೇ ಲ್ಯಾಕ್ಟೇಟ್ ಹೊಳೆಯಿತು. ಬಯಾಪ್ಸಿ ಅಲ್ಲಿ ಕ್ಯಾನ್ಸರ್ ಇದ್ದದ್ದನ್ನು ಖಚಿತಪಡಿಸಿತು. ನನಗೆ ಇದಕ್ಕಿಂತ ದೊಡ್ಡದೆನಿಸುವುದು ಅದೇ ಊರಿನಿಂದ 2017ರಲ್ಲಿ ಬಂದ ಇನ್ನೊಂದು ವರದಿ. ಹಾರ್ಮೋನ್ ತಡೆಯುವ ಚಿಕಿತ್ಸೆ ಶುರುವಾದ ಕೆಲವೇ ವಾರಗಳಲ್ಲಿ, ಗಡ್ಡೆಯ ಗಾತ್ರ ಅಷ್ಟಾಗಿ ಇಳಿಯುವ ಮೊದಲೇ, ಒಬ್ಬ ರೋಗಿಯಲ್ಲಿ ಲ್ಯಾಕ್ಟೇಟ್‌ನ ಹೊಳಪು ಹೆಚ್ಚುಕಡಿಮೆ ನಂದಿಹೋಗಿತ್ತು.