ಗೇಟು ಮುಚ್ಚುವುದರೊಳಗೆ

“ಓಡಕ್ಕೆ ದುಡ್ ಕಟ್ಟಿದ್ದೀಯೇನ್ಲಾ?”

ಹಾಫ್ ಮ್ಯಾರಥಾನಿಗೆ ಹೆಸರು ಕೊಟ್ಟಿದ್ದೀನಿ ಅಂದಾಗ ನಮ್ಮ ಚಿಕ್ಕಪ್ಪ ಕೇಳಿದ ಮೊದಲ ಪ್ರಶ್ನೆ ಇದು. ಎರಡನೆಯದು, “ಗೆದ್ರೆ ಏನ್ ಕೊಡ್ತಾರೆ?” ಗೆಲ್ಲಲ್ಲ ಚಿಕ್ಕಪ್ಪ, ಮುಗಿಸಿದವರಿಗೆಲ್ಲ ಒಂದು ಮೆಡಲ್ ಕೊಡ್ತಾರೆ ಅಂದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, “ಮೈ ಹುಷಾರಾಗೈತೆ ತಾನೆ?” ಅಂದ.

ನಿಜ ಹೇಳಬೇಕಂದ್ರೆ ಮೈ ಹುಷಾರಿರಲಿಲ್ಲ. ಹತ್ತು ವರ್ಷ ಕುರ್ಚಿ ಮೇಲೆ ಕೂತು ಕೋಡ್ ಬರೆದ ಫಲವಾಗಿ ಶುಗರ್ ಅಂಚಿಗೆ ಬಂದು ನಿಂತಿತ್ತು. ಡಾಕ್ಟರು ನಡೀರಿ ಅಂದರು, ಆಫೀಸಿನ ಗೆಳೆಯರು ಓಡೋಣ ಬಾ ಅಂದರು. ಆರು ತಿಂಗಳಲ್ಲಿ ನಾನೂ ನಿಮ್ಮ ಹಾಗೆ ಬೆಳಿಗ್ಗೆ ಐದೂವರೆಗೆ ಎದ್ದು, ದುಬಾರಿ ಶೂ ಹಾಕಿಕೊಂಡು, ವೈಟ್‌ಫೀಲ್ಡಿನ ರಸ್ತೆಗಳಲ್ಲಿ ವಾಚ್ ನೋಡಿಕೊಂಡು ಓಡುವ ಜಾತಿಗೆ ಸೇರಿಬಿಟ್ಟೆ. ನಾನೊಬ್ಬ ‘ಅಮೆಚೂರ್ ರನ್ನರ್’ ಅಂತ ಹೇಳಿಕೊಳ್ಳೋಕೆ ಒಳಗೊಳಗೇ ಖುಷಿಯೂ ಇತ್ತು.

ಆ ಪದದ ಚರಿತ್ರೆ ಗೊತ್ತಾಗಿದ್ದು ಆಮೇಲೆ. ಅದಕ್ಕೂ ಮುಂಚೆ ಚಿಕ್ಕಪ್ಪನ ಓಟದ ಕಥೆ ಹೇಳಿಬಿಡ್ತೀನಿ.

ಚಿಕ್ಕಪ್ಪ ಶಿರಾ ಕಡೆಯ ನಮ್ಮೂರಿನಿಂದ ಪೀಣ್ಯಕ್ಕೆ ಬಂದಿದ್ದು 1988ರಲ್ಲಿ, ನಾನು ಹುಟ್ಟಿದ ವರ್ಷ. ನಮ್ಮ ಕಡೆಯಿಂದ ಬೆಂಗಳೂರಿಗೆ ಬರುವ ಬಸ್ಸಿಗೆ ಪೀಣ್ಯವೇ ಬೆಂಗಳೂರಿನ ಬಾಗಿಲು. ಮಳೆ ಕೈಕೊಟ್ಟ ವರ್ಷ ಊರಿನ ಹುಡುಗರು ಆ ಬಾಗಿಲಲ್ಲೇ ಇಳಿದುಕೊಂಡು ಕೆಲಸ ಹುಡುಕುತ್ತಿದ್ದರು. ಅವನಿಗೆ ಸಿಕ್ಕಿದ್ದು ಲೇತ್ ಮೇಲಿನ ಕೆಲಸ. ಫಸ್ಟ್ ಶಿಫ್ಟ್ ಬೆಳಿಗ್ಗೆ ಆರಕ್ಕೆ. ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸಿಳಿದರೆ ಅಲ್ಲಿಂದ ಫ್ಯಾಕ್ಟರಿ ಗೇಟಿನವರೆಗೂ ಓಟ. ಸೈರನ್ ಕೂಗಿ ಹತ್ತು ನಿಮಿಷಕ್ಕೆ ಗೇಟು ಮುಚ್ಚುತ್ತೆ. ಮುಚ್ಚಿದರೆ ಅರ್ಧ ದಿನದ ಸಂಬಳ ಹೋಯಿತು. ಹವಾಯಿ ಚಪ್ಪಲಿ ಕಾಲಿಗಿದ್ದರೆ ಓಡೋಕಾಗಲ್ಲ ಅಂತ ಕೈಯಲ್ಲಿ ಹಿಡಿದುಕೊಂಡು ಓಡುತ್ತಿದ್ದನಂತೆ. ಪೀಣ್ಯಕ್ಕೆ ಮೆಟ್ರೋ ಬಂದಿದ್ದು 2014ರ ಮಾರ್ಚ್ 1ರಂದು. ಅಷ್ಟು ಹೊತ್ತಿಗೆ ಅವನು ಇಪ್ಪತ್ತಾರು ವರ್ಷ ಓಡಿ, ಮಂಡಿ ಸವೆಸಿಕೊಂಡಿದ್ದ. ನನ್ನ ಬಿಇ ಫೀಸಿನ ಮೊದಲ ಎರಡು ವರ್ಷ ಕಟ್ಟಿದ್ದು ಆ ಓಟವೇ.

ಈಗ ಪದಕ್ಕೆ ಬರೋಣ. ಅಮೆಚೂರ್ ಅಂದರೆ ಹವ್ಯಾಸಿ, ದುಡ್ಡಿಗಲ್ಲದೆ ಪ್ರೀತಿಗೆ ಆಡುವವನು ಅಂತ ನಾವು ಅಂದುಕೊಂಡಿದ್ದೀವಿ. 1860ರ ದಶಕದಲ್ಲಿ ಲಂಡನ್ನಿನ ಅಮೆಚೂರ್ ಅಥ್ಲೆಟಿಕ್ ಕ್ಲಬ್ ಈ ಪದಕ್ಕೆ ಒಂದು ವ್ಯಾಖ್ಯೆ ಮಾಡಿತು. ಬಹುಮಾನದ ಹಣಕ್ಕೆ ಓಡಿದವನು ಅಮೆಚೂರ್ ಅಲ್ಲ ಅನ್ನೋದು ಸರಿ. ಅದರ ಜೊತೆಗೆ ಇನ್ನೊಂದು ಷರತ್ತು: ಮೆಕ್ಯಾನಿಕ್, ಕುಶಲಕರ್ಮಿ, ಕೂಲಿ ಇವರ‍್ಯಾರೂ ಅಮೆಚೂರ್ ಅಲ್ಲ. ಒಂದು ಪೈಸೆ ಬಹುಮಾನ ತಗೊಳ್ಳದಿದ್ದರೂ ಅಲ್ಲ. ಕೈಯಲ್ಲಿ ದುಡಿಯುವವನ ಮೈ ಹೇಗೂ ಪಳಗಿರುತ್ತೆ, ಸಾಹೇಬರ ಮಕ್ಕಳ ಜೊತೆ ಅವನನ್ನು ಓಡಿಸೋದು ನ್ಯಾಯವಲ್ಲ ಅನ್ನೋದು ಅವರ ವಾದ. ಸೋಲುವ ಭಯಕ್ಕೆ ಮರ್ಯಾದೆಯ ಬಟ್ಟೆ ತೊಡಿಸಿದ್ದರು, ಅಷ್ಟೇ. 1880ರಲ್ಲಿ ಹುಟ್ಟಿದ ಅಮೆಚೂರ್ ಅಥ್ಲೆಟಿಕ್ ಅಸೋಸಿಯೇಷನ್ ಓಟದ ಮೈದಾನದಿಂದ ಈ ಷರತ್ತನ್ನು ತೆಗೆದುಹಾಕಿತು. ಇಂಗ್ಲೆಂಡಿನ ಹೆನ್ಲಿ ದೋಣಿ ಸ್ಪರ್ಧೆಯಲ್ಲಂತೂ ಇದು 1930ರ ದಶಕದವರೆಗೂ ಉಳಿದಿತ್ತು.

ಓದಿದಾಗ ಮೊದಲು ನೆನಪಾದದ್ದು ಚಿಕ್ಕಪ್ಪ. ಆ ನಿಯಮ ಮಾಡಿದವರ ಪ್ರಕಾರ, ಪೀಣ್ಯದಲ್ಲಿ ಇರುವವರು ಅಷ್ಟೂ ಜನ ಓಟಕ್ಕೆ ಅನರ್ಹರು.

ತಮಾಷೆ ಅಂದರೆ ಮ್ಯಾರಥಾನ್ ಅನ್ನೋ ಓಟ ಕಟ್ಟಿದ್ದೇ ಇಂಥ ಅನರ್ಹರು. 1896ರ ಅಥೆನ್ಸ್ ಒಲಿಂಪಿಕ್ಸಿನ ಮೊದಲ ಮ್ಯಾರಥಾನ್ ಗೆದ್ದ ಸ್ಪಿರಿಡನ್ ಲೂಯಿಸ್ ನೀರು ಹೊತ್ತು ಮಾರುವವನು. 1920ರಲ್ಲಿ ಆಂಟ್ವರ್ಪಿನಲ್ಲಿ ಗೆದ್ದ ಫಿನ್ಲೆಂಡಿನ ಹಾನೆಸ್ ಕೊಲೆಮೈನೆನ್ ಇಟ್ಟಿಗೆ ಕೆಲಸದ ಗಾರೆಯವನು. ದೂರದ ಲೆಕ್ಕ ಮಾತ್ರ ಅರಮನೆಯವರದು. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಓಟ ವಿಂಡ್ಸರ್ ಅರಮನೆಯಿಂದ ಹೊರಟು, ಸ್ಟೇಡಿಯಂನಲ್ಲಿ ರಾಜಮನೆತನದವರು ಕೂತ ಜಾಗದ ಎದುರಿಗೆ ಮುಗಿಯಿತು. ಅಳೆದರೆ 42.195 ಕಿ.ಮೀ. 1921ರಲ್ಲಿ ಅದೇ ಖಾಯಂ ಆಯಿತು. ಅದರ ಅರ್ಧ ನಮ್ಮ 21.0975. ನಾವು ಕೊನೆಯ ಆ ನೂರು ಮೀಟರಿಗೆ ಒದ್ದಾಡೋದು ಯಾರ ಕುರ್ಚಿಗಾಗಿ ಅಂತ ಈಗ ಗೊತ್ತಾಯ್ತಲ್ಲ!

ಆಂಟ್ವರ್ಪಿನ ಆ ಓಟದಲ್ಲಿ ನಮ್ಮವರೂ ಒಬ್ಬರಿದ್ದರು. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಬೆಳಗಾವಿ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟದಲ್ಲಿ ಹೊಲಗಳಲ್ಲಿ ದುಡಿಯುವ ಹುಡುಗರು ಬರಿಗಾಲಲ್ಲಿ ದೂರದ ಓಟ ಓಡೋದನ್ನು ಅದರ ಅಧ್ಯಕ್ಷರಾಗಿದ್ದ ದೊರಾಬ್ಜಿ ಟಾಟಾ ನೋಡಿದರು. ಇವರ ಟೈಮಿಂಗು ಯುರೋಪಿನವರಿಗೆ ತೀರಾ ಕಡಿಮೆಯೇನಲ್ಲ ಅಂತ ಅವರಿಗೆ ಅನಿಸಿತು. ಭಾರತದಿಂದ ಮೊದಲ ಬಾರಿಗೆ ಒಂದು ತಂಡ ಒಲಿಂಪಿಕ್ಸಿಗೆ ಹೋಗಿದ್ದು ಹೀಗೆ, 1920ರಲ್ಲಿ. ಖರ್ಚಿಗೆ ಟಾಟಾ ತಮ್ಮ ಕೈಯಿಂದಲೂ ಹಣ ಹಾಕಿದರು.

ಆ ಸಲದ ಮ್ಯಾರಥಾನ್ 42.75 ಕಿ.ಮೀ., ಒಲಿಂಪಿಕ್ಸಿನ ಚರಿತ್ರೆಯಲ್ಲೇ ಅತಿ ಉದ್ದದ್ದು. ಚೌಗುಲೆ ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾಗಿ ಬಂದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅವರ ಪೇಸ್ ಕಿಲೋಮೀಟರಿಗೆ ನಾಲ್ಕು ನಿಮಿಷ. ಜೆಲ್ ಇಲ್ಲ, ಜಿಪಿಎಸ್ ವಾಚ್ ಇಲ್ಲ, ಕಾರ್ಬನ್ ಪ್ಲೇಟ್ ಶೂ ಇಲ್ಲ. ನಮ್ಮ ರನ್ನಿಂಗ್ ಗ್ರೂಪಿನಲ್ಲಿ ಕಿಪ್ಚೋಗೆ ಹೆಸರು ಗೊತ್ತಿಲ್ಲದವರಿಲ್ಲ. ಚೌಗುಲೆ ಹೆಸರು ಒಬ್ಬರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಮೈಸೂರು ಸೀಮೆಯಲ್ಲಿ ಇನ್ನೂ ಹಿಂದಕ್ಕೆ ಹೋದರೆ ಓಟ ಒಂದು ನೌಕರಿಯೇ ಆಗಿತ್ತು. ಚಿಕ್ಕದೇವರಾಜ ಒಡೆಯರು 1672ರಲ್ಲಿ ಶುರು ಮಾಡಿದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಗುವವರೆಗೂ ನಡೆಯಿತು. ಕಾಗದದ ಚೀಲ ಹೊತ್ತು ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಕಾಲಲ್ಲೇ ಮುಟ್ಟಿಸಿದ ಜನರ ಹೆಸರು ಯಾವ ಪಟ್ಟಿಯಲ್ಲೂ ಕಾಣಲ್ಲ. ಅವರ ಕೆಲಸದ ಹೆಸರು ಮಾತ್ರ ನಮ್ಮ ಬಾಯಲ್ಲಿ ಉಳಿದಿದೆ.

ನಾನು ಓಡಿದ್ದು ವೈಟ್‌ಫೀಲ್ಡಿನ ಕೆಟಿಪಿಒದಲ್ಲಿ ನಡೆಯುವ ಬೆಂಗಳೂರು ಮಿಡ್‌ನೈಟ್ ಮ್ಯಾರಥಾನಿನಲ್ಲಿ. ಐಟಿ ಕಾರಿಡಾರಿನ ರೋಟರಿಯವರು 2007ರಲ್ಲಿ ಶುರು ಮಾಡಿದ್ದು. ಹಗಲಲ್ಲಿ ಗಾಡಿಗಳು ತೆವಳುವ ಇಪಿಐಪಿ ರಸ್ತೆಯಲ್ಲಿ ರಾತ್ರಿ ಮನುಷ್ಯರು ಓಡ್ತಾರೆ. ಈ ನೆಲಕ್ಕೂ ಒಂದು ಕಥೆ ಇದೆ. 1882ರಲ್ಲಿ ಮೈಸೂರಿನ ಮಹಾರಾಜ ಚಾಮರಾಜ ಒಡೆಯರು 3,900 ಎಕರೆ ಕೊಟ್ಟಿದ್ದು ಡಿ.ಎಸ್. ವೈಟ್ ಅವರ ಆಂಗ್ಲೋ-ಇಂಡಿಯನ್ ಸಂಘಕ್ಕೆ, ಅವರ ಜನ ಬೇಸಾಯ ಮಾಡಿಕೊಂಡು ಬದುಕಲಿ ಅಂತ. ವೈಟ್‌ಫೀಲ್ಡ್ ಅನ್ನೋ ಹೆಸರಿನಲ್ಲಿರೋ ‘ಫೀಲ್ಡ್’ ನಿಜವಾದ ಹೊಲವೇ. ಇಂದು ನಲ್ಲೂರಹಳ್ಳಿ, ಕುಂದಲಹಳ್ಳಿ, ಪಟ್ಟಂದೂರು ಅಗ್ರಹಾರ ಅಂತ ಮೆಟ್ರೋದಲ್ಲಿ ಕೂಗ್ತಾರಲ್ಲ, ಅವೂ ಸ್ಟೇಷನ್ ಆಗುವ ಮೊದಲು ಕಣ, ಕೆರೆ, ರಾಗಿ ಹೊಲ ಇದ್ದ ಊರುಗಳು.

ಚಿಕ್ಕಪ್ಪ ಬರ್ತೀನಿ ಅಂದಾಗ ನಂಬಲಿಲ್ಲ. ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಮಂಡಿ ಹಿಡಿದುಕೊಂಡು ಬಂದೇಬಿಟ್ಟ. ಸಾಲು ಸಾಲು ದೀಪ, ಸ್ಪೀಕರಿನ ಹಾಡು, ಹೊಳೆಯೋ ಟೀ-ಶರ್ಟುಗಳು. ಎಲ್ಲ ಒಂದು ಸಲ ನೋಡಿ ಕೇಳಿದ್ದು ಒಂದೇ ಮಾತು.

“ಗೇಟ್ ಎಷ್ಟೊತ್ಗೆ ಮುಚ್ತಾರೆ?”

ಕಟ್-ಆಫ್ ಟೈಮ್ ಅಂತ ನಾವು ಅನ್ನೋದು ಅದನ್ನೇ. ಇಷ್ಟರೊಳಗೆ ಬರಬೇಕು ಚಿಕ್ಕಪ್ಪ ಅಂತ ಹೇಳಿದೆ. ತಲೆಯಾಡಿಸಿ ಒಂದು ಕಡೆ ಹೋಗಿ ನಿಂತ.

ಹದಿನಾರನೇ ಕಿಲೋಮೀಟರಿನಲ್ಲಿ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ನಿಂತುಬಿಟ್ಟೆ. ಎದುರಿಗೆ ಯಾವುದೋ ಟೆಕ್ ಪಾರ್ಕಿನ ಗೇಟು, ಅಲ್ಲೊಬ್ಬ ನೈಟ್ ಡ್ಯೂಟಿ ಸೆಕ್ಯೂರಿಟಿ. ಮಾತಿಲ್ಲದೆ ತನ್ನ ಪ್ಲಾಸ್ಟಿಕ್ ಕುರ್ಚಿ ಎಳೆದು ನನ್ನ ಮುಂದಿಟ್ಟ. ಕೂತರೆ ಏಳಲ್ಲ ಅಂತ ಗೊತ್ತಿತ್ತು. ಕುರ್ಚಿಯ ಬೆನ್ನು ಹಿಡಿದು ಕಾಲು ನೀವಿಕೊಂಡೆ. ಬಿಟ್ಟರೆ ನಾನು ಕಳಕೊಳ್ಳೋದೇನೂ ಇರಲಿಲ್ಲ, ನಾಳೆ ಸಂಬಳ ಕಟ್ ಆಗಲ್ಲ. ಚಿಕ್ಕಪ್ಪನಿಗೆ ಆ ಆಯ್ಕೆ ಒಂದು ದಿನವೂ ಇರಲಿಲ್ಲವಲ್ಲ ಅನಿಸಿತು. ಮೆಲ್ಲಗೆ ಹೊರಟೆ.

ಮುಗಿಸಿದ್ದು 2 ಗಂಟೆ 34 ನಿಮಿಷಕ್ಕೆ. ಅಷ್ಟು ಹೊತ್ತಿಗೆ ಚೌಗುಲೆ 38 ಕಿಲೋಮೀಟರು ದಾಟಿರುತ್ತಿದ್ದರು. ಚಿಕ್ಕಪ್ಪ ಬಿಟ್ಟ ಜಾಗದಲ್ಲೇ ನಿಂತಿದ್ದ, ಕೂತಿರಲಿಲ್ಲ. ಗಡಿಯಾರ ನೋಡಿ, “ಟೈಮಿಗ್ ಬಂದೆ ಬುಡು” ಅಂದ. ಕೊರಳಿನ ಮೆಡಲನ್ನು ಕೈಯಲ್ಲಿ ತೂಗಿ, ತಿರುಗಿಸಿ, ಹೆಬ್ಬೆರಳಲ್ಲಿ ಅಂಚು ಸವರಿದ. ಮೂವತ್ತು ವರ್ಷ ಸಾವಿರಾರು ಪೀಸು ಹಾಗೆ ನೋಡಿದ ಬೆರಳು.

“ಡೈ ಕಾಸ್ಟಿಂಗು. ನಮ್ ಪೀಣ್ಯದಾಗೇ ಮಾಡಿರ್ತಾರೆ ಕಣ್ಲಾ.”

ಮೆಡಲ್ ತೆಗೆದು ಅವನ ಕೊರಳಿಗೆ ಹಾಕಿದೆ. “ಥೂ, ಬ್ಯಾಡ ಬುಡು” ಅಂದ, ಆದರೆ ತೆಗೆಯಲಿಲ್ಲ. ಅದು ಈಗ ದಾಸರಹಳ್ಳಿ ಮನೆಯ ಟೀವಿ ಪಕ್ಕ ನೇತಾಡ್ತಾ ಇದೆ. ಯಾರದು ಅಂತ ಕೇಳಿದವರಿಗೆ ಚಿಕ್ಕಮ್ಮ “ನಮ್ಮನೆಯವರ್ದು” ಅಂತಾಳೆ. ನಾನು ತಿದ್ದೋಕೆ ಹೋಗಿಲ್ಲ.