ಪುಸ್ತಕದ ಗಂಟು ಹೊತ್ತವರು

ಕನ್ನಡ ಕಾದಂಬರಿಯ ಆರಂಭಕಾಲದ ದೊಡ್ಡ ಹೆಸರು ಗಳಗನಾಥರದು. 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಹಾವೇರಿ ಸೀಮೆಯ ತಮ್ಮ ಊರಿನ ಹೆಸರನ್ನೇ ಕಾವ್ಯನಾಮ ಮಾಡಿಕೊಂಡರು. ಸಾಹಿತ್ಯ ಚರಿತ್ರೆ ಅವರನ್ನು ಕಾದಂಬರಿಕಾರರೆಂದು ಗುರುತಿಸುತ್ತದೆ. ಆದರೆ ಅವರ ಕಾಲದ ಅನೇಕ ಓದುಗರು ಅವರನ್ನು ಕಂಡದ್ದು ಪುಸ್ತಕದ ಗಂಟು ಹೊತ್ತು ಊರೂರು ಅಲೆಯುವ ಮಾರಾಟಗಾರರಾಗಿ.

ಲೇಖಕನೇ ಏಕೆ ಗಂಟು ಹೊರಬೇಕಾಯಿತು? ಉತ್ತರ ಆಗಿನ ಅಚ್ಚುಕೂಟದಲ್ಲಿದೆ.

ಮೊಳೆಯ ಲೆಕ್ಕ

ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಪುಟ ಕಟ್ಟುತ್ತಿದ್ದ ಕಾಲ ಅದು. ಸಣ್ಣ ಅಚ್ಚುಕೂಟದಲ್ಲಿ ಇಡೀ ಪುಸ್ತಕಕ್ಕೆ ಸಾಲುವಷ್ಟು ಮೊಳೆಗಳು ಇರುತ್ತಿರಲಿಲ್ಲ. ಒತ್ತು, ದೀರ್ಘಗಳೆಂದು ಕನ್ನಡಕ್ಕೆ ಬೇಕಾದ ಅಚ್ಚುಗಳೂ ಹೆಚ್ಚು. ಒಂದು ಫಾರಂ ಅಚ್ಚಾದ ಮೇಲೆ ಮೊಳೆಗಳನ್ನು ಬಿಚ್ಚಿ, ಮನೆಮನೆಗೆ ಹಂಚಿ, ಮುಂದಿನ ಫಾರಂ ಜೋಡಿಸಬೇಕು. ಹೀಗಾಗಿ ಮರುಮುದ್ರಣವೆಂದರೆ ಎಲ್ಲವನ್ನೂ ಮೊದಲಿನಿಂದ ಜೋಡಿಸುವುದು. ನೂರು ಪ್ರತಿ ಹಾಕಿ, ಬೇಡಿಕೆ ನೋಡಿಕೊಂಡು ಮತ್ತೆ ನೂರು ಹಾಕುವ ಅನುಕೂಲವೇ ಇರಲಿಲ್ಲ. ಸಾವಿರ ಪ್ರತಿಯಾದರೆ ಸಾವಿರವೂ ಒಂದೇ ಸಲ ಅಚ್ಚಾಗಬೇಕು. ಕಾಗದ, ಜೋಡಣೆ, ರಟ್ಟಿನ ಖರ್ಚೆಲ್ಲ ಮೊದಲೇ ಕೈಬಿಡುತ್ತಿತ್ತು. ಮಾರದೆ ಉಳಿದದ್ದು ಅಟ್ಟ ಸೇರಿ ಗೆದ್ದಲಿಗೆ ಆಹಾರವಾಗುತ್ತಿತ್ತು. ಪುಸ್ತಕ ಬರೆಯುವುದಕ್ಕಿಂತ ಮಾರುವುದೇ ಕಷ್ಟದ ಕೆಲಸವಾಗಿತ್ತು.

ಅಂಗಡಿಗಳಿದ್ದದ್ದು ದೊಡ್ಡ ಊರುಗಳಲ್ಲಿ, ಅಲ್ಲೂ ಪಠ್ಯಪುಸ್ತಕಕ್ಕೇ ಮೊದಲ ಮಣೆ. ಉಳಿದ ಮಾರ್ಗ ಅಂಚೆಯ ವಿ.ಪಿ.ಪಿ. ಓದುಗ ಪುಸ್ತಕ ಪಡೆಯುವಾಗ ಅಂಚೆಯವನ ಕೈಗೆ ಹಣ ಕೊಡುವ ವ್ಯವಸ್ಥೆ ಇದು. ಆದರೆ ಕಟ್ಟು ಬರುವ ಹೊತ್ತಿಗೆ ಮನಸ್ಸು ಬದಲಾಗಿ ‘ಬೇಡ’ ಎಂದರೆ ಅದು ಹಿಂದಿರುಗುತ್ತಿತ್ತು. ಅಂಚೆ ವೆಚ್ಚದ ನಷ್ಟ ಕಳಿಸಿದವನ ತಲೆಯ ಮೇಲೆ.

ಓದುಗನನ್ನು ಹುಟ್ಟಿಸಿದ್ದು

ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಇನ್ನೊಂದು ತೊಡಕಿತ್ತು. ಅಲ್ಲಿ ಅಕ್ಷರಸ್ಥರಾದ ಬಹಳಷ್ಟು ಜನ ಮರಾಠಿ ಓದುತ್ತಿದ್ದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು ಈ ಹಿನ್ನೆಲೆಯಲ್ಲಿಯೇ. ಗಳಗನಾಥರು ಮರಾಠಿಯ ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದರು; ‘ಮಾಧವ ಕರುಣಾವಿಲಾಸ’ದಂಥ ಸ್ವತಂತ್ರ ಕೃತಿಯಲ್ಲಿ ವಿಜಯನಗರದ ಕಥೆ ಹೇಳಿದರು. 1907ರಲ್ಲಿ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಆರಂಭಿಸಿದರು. ಪತ್ರಿಕೆಯ ಚಂದಾದಾರ ಪುಸ್ತಕಕ್ಕೂ ಗಿರಾಕಿಯಾಗಬಲ್ಲ ಎಂಬುದು ಇಂದಿನ ವ್ಯಾಪಾರ ಶಾಸ್ತ್ರಕ್ಕೆ ಹೊಸದೇನಲ್ಲ; ಆಗ ಅದು ಅನುಭವದಿಂದ ಕಲಿತ ಪಾಠ.

ಉಳಿದದ್ದು ಕಾಲ್ನಡಿಗೆ. ಮನೆಬಾಗಿಲಲ್ಲಿ ಗಂಟು ಬಿಚ್ಚಿದವನು ಪುಸ್ತಕವನ್ನಷ್ಟೇ ಮಾರುವುದಿಲ್ಲ. ಕನ್ನಡದಲ್ಲಿ ಓದಲು ಯೋಗ್ಯವಾದದ್ದು ಇದೆ ಎಂದು ನಂಬಿಸುತ್ತಾನೆ. ಸಿದ್ಧವಾಗಿದ್ದ ಮಾರುಕಟ್ಟೆಗೆ ಸರಕು ಒಯ್ದದ್ದಲ್ಲ, ಸರಕಿನ ಜೊತೆಗೆ ಮಾರುಕಟ್ಟೆಯನ್ನೇ ಕಟ್ಟಿದ್ದು ಅವರ ಸಾಧನೆ. ಅವರು 1942ರಲ್ಲಿ ತೀರಿಕೊಂಡರು.

ಧಾರವಾಡದ ಅಟ್ಟ

ಈ ಅಲೆದಾಟಕ್ಕೆ ಒಂದು ವ್ಯವಸ್ಥೆಯ ರೂಪ ಕೊಟ್ಟವರಲ್ಲಿ ಮುಖ್ಯರು ಧಾರವಾಡದ ಜಿ.ಬಿ. ಜೋಶಿ. ‘ಜಡಭರತ’ ಎಂಬ ಹೆಸರಿನಲ್ಲಿ ನಾಟಕ ಬರೆದ ಇವರು 1933ರಲ್ಲಿ ಮನೋಹರ ಗ್ರಂಥಮಾಲೆ ಆರಂಭಿಸಿದರು. ಓದುಗರಿಂದ ಮುಂಗಡ ಚಂದಾ ಪಡೆದು, ಮಾಲೆಯ ಪುಸ್ತಕಗಳನ್ನು ಅವರಿಗೆ ತಲುಪಿಸುವುದು ಇದರ ಕ್ರಮ. ಅಚ್ಚಿಗೆ ಮೊದಲೇ ಒಂದಿಷ್ಟು ಬಂಡವಾಳ ಕೈಸೇರುತ್ತಿತ್ತು. ಎಷ್ಟು ಪ್ರತಿ ಹೋಗುವುದೆಂಬ ಅಂದಾಜೂ ಸಿಗುತ್ತಿತ್ತು.

ಇದರ ಲಾಭ ಹಣಕ್ಕಷ್ಟೇ ಸೀಮಿತವಾಗಲಿಲ್ಲ. ಹೆಸರಿನ ಮೇಲಲ್ಲ, ಮಾಲೆಯ ಮೇಲೆ ನಂಬಿಕೆಯಿಟ್ಟ ಓದುಗರಿದ್ದುದರಿಂದ ಹೊಸಬರ ಪುಸ್ತಕವನ್ನು ಧೈರ್ಯವಾಗಿ ಹೊರತರಬಹುದಿತ್ತು. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ, ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಬಂದದ್ದು ಇಲ್ಲಿಂದಲೇ. ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರ ಸಲಹೆ ಈ ನಂಬಿಕೆಗೆ ಬೆಂಬಲವಾಗಿತ್ತು. ಗ್ರಂಥಮಾಲೆಯ ‘ಅಟ್ಟ’ ಸಾಹಿತಿಗಳ ಕೂಡುತಾಣವಾಯಿತು.

ಹಳೇ ಮೈಸೂರಿನ ಕಡೆ ಜಿ.ಪಿ. ರಾಜರತ್ನಂ ಅವರು ತಮ್ಮನ್ನು ‘ಸಾಹಿತ್ಯ ಪರಿಚಾರಕ’ ಎಂದೇ ಕರೆದುಕೊಂಡರು. ಪುಸ್ತಕ ಬರೆಯುವುದು, ಅಚ್ಚು ಹಾಕಿಸುವುದು, ಓದುಗನ ಕೈಗಿಡುವುದು ಎಲ್ಲವೂ ಅವರಿಗೆ ಪರಿಚಾರಿಕೆಯೇ.

ಬದಲಾದ ಗಿರಾಕಿ

ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರಲ್ಲಿ ಬಂದಿತು. ಕ್ರಮೇಣ ಸಗಟು ಖರೀದಿ ಪ್ರಕಾಶಕರಿಗೆ ದೊಡ್ಡ ಆಸರೆಯಾಯಿತು. ಇದರಿಂದ ಊರೂರಿನ ಗ್ರಂಥಾಲಯಗಳಿಗೆ ಪುಸ್ತಕ ಬಂದದ್ದು ನಿಜ. ಆದರೆ ಓದುಗನ ಬಾಗಿಲು ತಟ್ಟದೆಯೂ ಮುದ್ರಣದ ಖರ್ಚು ಹುಟ್ಟುವಂತಾದಾಗ, ತಟ್ಟುವ ಅಭ್ಯಾಸ ಸಡಿಲವಾಗುವುದು ಸಹಜ. ಖರೀದಿ ತಡವಾದಾಗಲೆಲ್ಲ ಪ್ರಕಾಶನ ಕ್ಷೇತ್ರ ತಳಮಳಿಸುವುದಕ್ಕೆ ಈ ಅವಲಂಬನೆಯೇ ಕಾರಣ.

ಈಗ ಡಿಜಿಟಲ್ ಮುದ್ರಣದಲ್ಲಿ ಐವತ್ತು ಪ್ರತಿಗಳನ್ನೂ ಹಾಕಿಸಬಹುದು. ಗಳಗನಾಥರನ್ನು ಬೀದಿಗಿಳಿಸಿದ ಮೊಳೆಯ ಲೆಕ್ಕ ಮುಗಿದಿದೆ. ಆದರೆ ಐವತ್ತನೆಯ ಪ್ರತಿಯನ್ನು ಕೊಳ್ಳುವವನು ಯಾರು, ಅವನ ಊರು ಯಾವುದು ಎಂಬ ಪ್ರಶ್ನೆಗೆ ಯಂತ್ರದಲ್ಲಿ ಉತ್ತರವಿಲ್ಲ. ಅದನ್ನು ಈಗಲೂ ಯಾರಾದರೊಬ್ಬರು ಹೋಗಿಯೇ ತಿಳಿಯಬೇಕು.