ಮುಖ ಕಾಣದ ದರ್ಶನ: ಹೀಬ್ರೂ ಧರ್ಮಗ್ರಂಥದಲ್ಲಿ ದೇವರ ಗೋಚರರೂಪ

ಹೀಬ್ರೂ ಧರ್ಮಗ್ರಂಥದ ವಿಮೋಚನಕಾಂಡದ 24ನೆಯ ಅಧ್ಯಾಯದಲ್ಲಿ ಮೂರೇ ವಚನಗಳ ಒಂದು ಪ್ರಸಂಗವಿದೆ. ಸೀನಾಯಿ ಬೆಟ್ಟದ ಬುಡದಲ್ಲಿ ಒಡಂಬಡಿಕೆಯ ವಿಧಿಗಳು ಮುಗಿದ ಮೇಲೆ ಮೋಶೆ, ಅವನ ಅಣ್ಣ ಆರೋನ, ಆರೋನನ ಮಕ್ಕಳಾದ ನಾದಾಬ್ ಮತ್ತು ಅಬೀಹು, ಇವರೊಡನೆ ಇಸ್ರಾಯೇಲರ 70 ಮಂದಿ ಹಿರಿಯರು ಬೆಟ್ಟವನ್ನೇರುತ್ತಾರೆ. ಅಲ್ಲಿ ಅವರು ಇಸ್ರಾಯೇಲಿನ ದೇವರನ್ನು ಕಂಡರೆಂದು ಪಠ್ಯವು ಯಾವ ಮುಚ್ಚುಮರೆಯೂ ಇಲ್ಲದೆ ಹೇಳುತ್ತದೆ. ಕಂಡದ್ದೇನು? ವರ್ಣನೆ ಪಾದಗಳಿಂದ ಮೇಲಕ್ಕೆ ಏರುವುದೇ ಇಲ್ಲ. ಆ ಪಾದಗಳ ಕೆಳಗೆ ನೀಲಮಣಿಯ ನೆಲಗಟ್ಟಿನಂತೆ ತೋರುವ, ಆಕಾಶದಷ್ಟು ನಿರ್ಮಲವಾದ ಏನೋ ಒಂದಿತ್ತು, ಅಷ್ಟೆ. ದೇವರು ಆ ಹಿರಿಯರ ಮೇಲೆ ಕೈಮಾಡಲಿಲ್ಲ; ಅವರು ದೇವರನ್ನು ನೋಡಿ, ಉಂಡು ಕುಡಿದರು. ಪ್ರಸಂಗ ಅಲ್ಲಿಗೆ ಮುಗಿಯುತ್ತದೆ.

ಕೈಮಾಡಲಿಲ್ಲ ಎಂದು ಹೇಳಬೇಕಾಗಿ ಬಂದದ್ದೇ ಇಲ್ಲಿಯ ಕೀಲಕ. ಕಂಡವನು ಸಾಯುತ್ತಾನೆ ಎಂಬ ನಂಬಿಕೆ ಕಥನಕಾರನ ಮನಸ್ಸಿನಲ್ಲಿ ಮೊದಲೇ ಬೇರೂರಿದೆ. ಒಂಬತ್ತು ಅಧ್ಯಾಯಗಳು ಕಳೆಯುವಷ್ಟರಲ್ಲಿ ಅದು ದೇವರ ಬಾಯಿಂದಲೇ ಹೊರಡುತ್ತದೆ: ತನ್ನ ಮುಖವನ್ನು ಕಂಡ ಮನುಷ್ಯನು ಬದುಕಲಾರನೆಂದು ಮೋಶೆಗೆ ತಿಳಿಸಿ, ಅವನನ್ನು ಬಂಡೆಯ ಸಂದಿನಲ್ಲಿ ನಿಲ್ಲಿಸಿ, ತಾನು ಹಾದುಹೋಗುವವರೆಗೆ ಕೈಯಿಂದ ಮುಚ್ಚಿ, ಬೆನ್ನನ್ನು ಮಾತ್ರ ತೋರಿಸುವುದಾಗಿ ದೇವರು ಹೇಳುತ್ತಾನೆ. ಅದೇ 33ನೆಯ ಅಧ್ಯಾಯದಲ್ಲಿ, ಕೆಲವೇ ವಚನಗಳ ಹಿಂದೆ, ಗೆಳೆಯನು ಗೆಳೆಯನೊಡನೆ ಆಡುವಂತೆ ದೇವರು ಮೋಶೆಯೊಡನೆ ಮುಖಾಮುಖಿಯಾಗಿ ಮಾತಾಡುತ್ತಿದ್ದನೆಂಬ ಮಾತೂ ಇದೆ. ಬೇರೆ ಬೇರೆ ಕಾಲದ, ಬೇರೆ ಬೇರೆ ಪಂಥದ ಬರಹಗಳನ್ನು ಸೇರಿಸಿ ಈ ಗ್ರಂಥಗಳನ್ನು ಹೆಣೆಯಲಾಗಿದೆ ಎಂಬ ಆಧುನಿಕ ವಿದ್ವಾಂಸರ ತೀರ್ಮಾನಕ್ಕೆ ಇಂತಹ ಎಡೆಗಳೇ ಆಧಾರ. ಆದರೆ ಹೆಣೆದವರು ದಡ್ಡರಲ್ಲ. ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸುವುದು ಅವರಿಗೆ ಸುಲಭವಿತ್ತು. ಅವರು ಎರಡನ್ನೂ ಉಳಿಸಿದರು. ಮುಂದಿನ ಎರಡು ಸಾವಿರ ವರ್ಷಗಳ ಯೆಹೂದಿ ಚಿಂತನೆಗೆ ಈ ಉಳಿಕೆಯೇ ತಲೆನೋವಾಯಿತು.

ಆದಿಕಾಂಡದ ಹಳೆಯ ಕಥೆಗಳಲ್ಲಿ ದೇವರು ನಡೆದು ಬರುತ್ತಾನೆ. ಮಮ್ರೆ ತೋಪಿನಲ್ಲಿ, ಸುಡುಬಿಸಿಲಿನ ಹೊತ್ತಿನಲ್ಲಿ, ಅಬ್ರಹಾಮನು ಗುಡಾರದ ಬಾಗಿಲಲ್ಲಿ ಕುಳಿತಿದ್ದಾಗ ದೇವರು ಅವನಿಗೆ ಕಾಣಿಸಿಕೊಂಡನೆಂದು ಕಥೆ ಆರಂಭವಾಗುತ್ತದೆ. ತಲೆಯೆತ್ತಿ ನೋಡಿದರೆ ಎದುರಿಗಿರುವವರು ಮೂವರು ಗಂಡಸರು. ಕಾಲು ತೊಳೆಯಲು ನೀರು, ಹಿಟ್ಟು ನಾದಿ ಸುಟ್ಟ ರೊಟ್ಟಿ, ಎಳೆಗರುವಿನ ಮಾಂಸ, ಮೊಸರು, ಹಾಲು ಎಲ್ಲವೂ ಬರುತ್ತವೆ. ಅತಿಥಿಗಳು ಮರದ ಕೆಳಗೆ ಕುಳಿತು ಉಣ್ಣುತ್ತಾರೆ. ಬಳಿಕ ಇಬ್ಬರು ಸೊದೋಮಿನ ಕಡೆಗೆ ಹೊರಡುತ್ತಾರೆ, ಒಬ್ಬನು ಉಳಿಯುತ್ತಾನೆ. ಉಳಿದವನೊಡನೆ ಅಬ್ರಹಾಮನು ಊರಿನ ನೀತಿವಂತರ ಸಂಖ್ಯೆಯನ್ನು 50ರಿಂದ 10ಕ್ಕೆ ಇಳಿಸುತ್ತ ಚೌಕಾಸಿ ಮಾಡುತ್ತಾನೆ. ಯೆಹೂದಿ ಲಿಪಿಕಾರರ ಪರಂಪರೆಯೊಂದರ ಪ್ರಕಾರ ಇಲ್ಲಿಯ ಒಂದು ವಾಕ್ಯವನ್ನು ಹಿಂದಿನವರು ಬುದ್ಧಿಪೂರ್ವಕವಾಗಿ ತಿದ್ದಿದ್ದಾರೆ. ದೇವರು ಇನ್ನೂ ಅಬ್ರಹಾಮನ ಮುಂದೆ ನಿಂತಿದ್ದನು ಎಂದಿದ್ದುದು, ಅಬ್ರಹಾಮನು ಇನ್ನೂ ದೇವರ ಮುಂದೆ ನಿಂತಿದ್ದನು ಎಂದಾಯಿತು. ಆಳು ಒಡೆಯನ ಮುಂದೆ ನಿಲ್ಲಬೇಕೇ ಹೊರತು ಒಡೆಯನು ಆಳಿನ ಮುಂದಲ್ಲ ಎಂಬ ಸಂಕೋಚ ಅದಕ್ಕೆ ಕಾರಣ. ಊಟದ ಬಗೆಗೂ ಸಂಕೋಚ ಬೆಳೆಯಿತು. ಆ ಅತಿಥಿಗಳು ನಿಜವಾಗಿ ಉಣ್ಣಲಿಲ್ಲ, ಉಂಡಂತೆ ತೋರಿದರು ಎಂದು ತಾಲ್ಮೂದಿನ ಪಂಡಿತರು ವಿವರಿಸಿದರು.

ಯಬ್ಬೋಕ್ ಹೊಳೆಯ ಕಡವಿನ ಕಥೆ ಇನ್ನೂ ಒರಟು. ರಾತ್ರಿಯೆಲ್ಲ ಒಬ್ಬ ಪುರುಷನು ಯಾಕೋಬನೊಡನೆ ಕುಸ್ತಿ ಹಿಡಿಯುತ್ತಾನೆ. ಬೆಳಗಾಗುವ ಮುನ್ನ ತನ್ನನ್ನು ಬಿಡೆಂದು ಬೇಡುತ್ತಾನೆ. ಯಾಕೋಬನ ತೊಡೆಯ ಕೀಲು ತಪ್ಪುತ್ತದೆ. ದೇವರನ್ನು ಮುಖಾಮುಖಿಯಾಗಿ ಕಂಡೂ ಜೀವ ಉಳಿಯಿತೆಂದು ಅವನು ಆ ಸ್ಥಳಕ್ಕೆ ದೇವರ ಮುಖವೆಂಬ ಅರ್ಥದ ಪೆನೀಯೇಲ್ ಎಂಬ ಹೆಸರಿಟ್ಟು, ಕುಂಟುತ್ತ ಹೊಳೆ ದಾಟುತ್ತಾನೆ. ಪ್ರವಾದಿ ಹೋಶೇಯನ ಗ್ರಂಥದಲ್ಲಿ ಇದೇ ಹೋರಾಟ ಪ್ರಸ್ತಾಪವಾದಾಗ ದೇವರೆಂಬ ಪದದ ಬೆನ್ನಿಗೇ ದೂತನೆಂಬ ಪದವೂ ಸೇರಿಕೊಂಡಿದೆ.

ಈ ದೂತನೇ ಇಡೀ ವಿಷಯದ ಅತ್ಯಂತ ತೊಡಕಿನ ಗಂಟು. ಮರಳುಗಾಡಿನಲ್ಲಿ ಹಾಗರಳೊಡನೆ ಮಾತನಾಡುವವನು ಯೆಹೋವನ ದೂತ. ಆದರೆ ಮಾತು ಮುಗಿದ ಮೇಲೆ ಅವಳೊಡನೆ ಮಾತನಾಡಿದವನು ಯೆಹೋವನೇ ಎನ್ನುತ್ತಾನೆ ಕಥನಕಾರ. ಉರಿಯುವ ಪೊದೆಯಲ್ಲಿ ಮೋಶೆಗೆ ಕಾಣಿಸಿದವನು ದೂತ, ಪೊದೆಯೊಳಗಿಂದ ಕರೆದವನು ದೇವರು. ಹೀಬ್ರೂವಿನ ‘ಮಲಾಖ್’ ಎಂಬ ಪದಕ್ಕೆ ಕನ್ನಡ ಸತ್ಯವೇದದಲ್ಲಿ ‘ದೂತ’ ಎಂಬ ಪದವಿದೆ. ಬೇರೆ ಪದ ಸಿಗುವುದೂ ಕಷ್ಟವಿತ್ತು. ಆದರೆ ಹನುಮಂತನನ್ನು ಬಲ್ಲ ಕನ್ನಡ ಓದುಗನಿಗೆ ದೂತನೆಂದರೆ ಕಳುಹಿಸಿದವನಿಂದ ಸ್ಪಷ್ಟವಾಗಿ ಬೇರೆಯಾದವನು. ಹಳೆಯ ಹೀಬ್ರೂ ಕಥೆಗಳಲ್ಲಿ ಆ ಗಡಿ ಅಷ್ಟು ಗಟ್ಟಿಯಾಗಿಲ್ಲ. ಇದನ್ನು ಅವತಾರವೆಂದು ಕರೆದರೂ ತಪ್ಪಾಗುತ್ತದೆ. ಇಲ್ಲಿ ಹುಟ್ಟಿಲ್ಲ, ಬಾಲ್ಯವಿಲ್ಲ, ಲೋಕಸಂಸಾರವಿಲ್ಲ. ಮುಜುಗರಗೊಂಡ ಸಂಪಾದಕರು ‘ದೂತ’ ಎಂಬ ಪದವನ್ನು ಆಮೇಲೆ ತುರುಕಿದರೆಂದು ಕೆಲವು ವಿದ್ವಾಂಸರ ಅಭಿಪ್ರಾಯ. ಬೆಂಜಮಿನ್ ಸೋಮರ್ ಅವರು 2009ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೇರೊಂದು ವಾದವಿದೆ: ಪ್ರಾಚೀನ ಪಶ್ಚಿಮ ಏಷ್ಯದ ಜನರಿಗೆ ದೇವತೆಯೊಂದು ಏಕಕಾಲದಲ್ಲಿ ಹಲವು ದೇಹಗಳಲ್ಲಿ ಇರುವುದು ವಿಚಿತ್ರವಾಗಿರಲಿಲ್ಲ, ಇಸ್ರಾಯೇಲರಲ್ಲಿಯೂ ಕೆಲವರು ಹಾಗೆ ಭಾವಿಸಿದ್ದರು, ಮತ್ತೆ ಕೆಲವರು ಅದನ್ನು ವಿರೋಧಿಸಿದರು. ಎಲ್ಲವನ್ನೂ ತಿದ್ದುಪಡಿಯ ತಲೆಗೆ ಕಟ್ಟುವುದಕ್ಕಿಂತ ಈ ವಾದ ಪಠ್ಯಕ್ಕೆ ಹೆಚ್ಚು ನ್ಯಾಯ ಒದಗಿಸುತ್ತದೆ.

ನ್ಯಾಯಸ್ಥಾಪಕರ ಗ್ರಂಥದ ಮಾನೋಹನ ಪ್ರಸಂಗದಲ್ಲಿ ಈ ಭಯವು ಹಾಸ್ಯದ ಅಂಚಿಗೆ ಬರುತ್ತದೆ. ಯಜ್ಞವೇದಿಯ ಜ್ವಾಲೆಯೊಡನೆ ದೂತನು ಮೇಲಕ್ಕೇರಿ ಹೋದುದನ್ನು ಕಂಡ ಮಾನೋಹನು, ದೇವರನ್ನು ನೋಡಿದೆವು, ಇನ್ನು ಸತ್ತೆವು ಎಂದು ನಡುಗುತ್ತಾನೆ. ಅವನ ಹೆಂಡತಿಗೆ ಗ್ರಂಥದಲ್ಲಿ ಹೆಸರೂ ಇಲ್ಲ. ಕೊಲ್ಲುವ ಇಚ್ಛೆಯಿದ್ದರೆ ನಮ್ಮ ಹೋಮವನ್ನು ಏಕೆ ಸ್ವೀಕರಿಸುತ್ತಿದ್ದನು, ಮಗ ಹುಟ್ಟುವನೆಂದು ಏಕೆ ಹೇಳುತ್ತಿದ್ದನು ಎಂದು ಆಕೆ ಶಾಂತವಾಗಿ ಕೇಳುತ್ತಾಳೆ. ಹುಟ್ಟಿದ ಮಗನೇ ಸಂಸೋನ.

ಯೆರೂಸಲೇಮಿನ ದೇವಾಲಯದ ಗರ್ಭಗೃಹದಲ್ಲಿ ಮೂರ್ತಿ ಇರಲಿಲ್ಲ. 10 ಮೊಳ ಎತ್ತರದ ಎರಡು ಕೆರೂಬಿಗಳು ರೆಕ್ಕೆಗೆ ರೆಕ್ಕೆ ತಾಗಿಸಿ ನಿಂತಿದ್ದವು. ಅವುಗಳ ಕೆಳಗೆ ಒಡಂಬಡಿಕೆಯ ಮಂಜೂಷ. ಮೇಲೆ, ಕಣ್ಣಿಗೆ ಕಾಣದ ದೊರೆಯ ಆಸನ. ನೆರೆಯ ಸಿರಿಯದ ಐನ್ ದಾರಾ ದೇಗುಲದ ವಿನ್ಯಾಸ ಸೊಲೊಮೋನನ ದೇವಾಲಯದ ವಿವರಣೆಗೆ ಬಹಳ ಹತ್ತಿರವಾದುದು. ಅದರ ಹೊಸ್ತಿಲ ಕಲ್ಲುಗಳಲ್ಲಿ ಸುಮಾರು ಒಂದು ಮೀಟರ್ ಉದ್ದದ ಹೆಜ್ಜೆಗುರುತುಗಳನ್ನು ಕೊರೆಯಲಾಗಿತ್ತು. ಒಳಗೆ ನಡೆದುಹೋದ ದೇವತೆಯ ಗಾತ್ರವನ್ನು ಭಕ್ತನು ಅದರಿಂದಲೇ ಊಹಿಸಿಕೊಳ್ಳಬೇಕು. (2018ರ ಜನವರಿಯ ವೈಮಾನಿಕ ದಾಳಿಯಲ್ಲಿ ಈ ದೇಗುಲಕ್ಕೆ ತೀವ್ರ ಹಾನಿಯಾಯಿತು.) ದೊರೆ ಉಜ್ಜೀಯನು ಸತ್ತ ವರ್ಷ, ಕ್ರಿ.ಪೂ. 8ನೆಯ ಶತಮಾನದ ನಡುಭಾಗದ ಆಚೀಚೆ, ಪ್ರವಾದಿ ಯೆಶಾಯನು ಕಂಡ ದರ್ಶನಕ್ಕೂ ಈ ಗಾತ್ರದ ಕಲ್ಪನೆಗೂ ನಂಟಿದೆ. ಉನ್ನತ ಸಿಂಹಾಸನದ ಮೇಲೆ ಕುಳಿತ ಒಡೆಯನ ಉಡುಪಿನ ಅಂಚಷ್ಟೇ ಮಂದಿರವನ್ನು ತುಂಬಿಬಿಡುತ್ತದೆ; ಆರಾರು ರೆಕ್ಕೆಯ ಸೆರಾಫಿಗಳೂ ಎರಡು ರೆಕ್ಕೆಗಳಿಂದ ಮುಖ ಮುಚ್ಚಿಕೊಳ್ಳುತ್ತಾರೆ. ದೇವರ ಮುಖದ ಬಗ್ಗೆ ಯೆಶಾಯನದು ಮೌನ.

ಆ ಮಂದಿರವೇ ಕೈತಪ್ಪಿದಾಗ ಈ ದರ್ಶನಗಳ ಅರ್ಥ ಬದಲಾಯಿತು. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ಸೇನೆ ದೊರೆ ಯೆಹೋಯಾಖೀನನನ್ನೂ ಪ್ರಮುಖರನ್ನೂ ಸೆರೆಯೊಯ್ದಿತು. ಸೆರೆಯವರಲ್ಲಿ ಯೆಹೆಜ್ಕೇಲನೆಂಬ ಯಾಜಕನಿದ್ದನು. ಸೆರೆಯ ಐದನೆಯ ವರ್ಷದಲ್ಲಿ, ಅನ್ಯದೇಶದ ಕೆಬಾರ್ ಕಾಲುವೆಯ ದಡದಲ್ಲಿ, ಉತ್ತರದಿಂದ ಬಿರುಗಾಳಿ ಬೀಸಿತು. ಬೆಂಕಿಯ ನಡುವೆ ನಾಲ್ಕು ಮುಖಗಳ ನಾಲ್ಕು ಜೀವಿಗಳು, ಅವುಗಳ ಪಕ್ಕದಲ್ಲಿ ಚಕ್ರದೊಳಗೆ ಚಕ್ರ, ತಲೆಯ ಮೇಲೆ ಸ್ಫಟಿಕದಂತಹ ಗಗನಮಂಡಲ, ಅದರ ಮೇಲೆ ನೀಲಮಣಿಯ ಸಿಂಹಾಸನದಂತಹುದು, ಅದರ ಮೇಲೆ ಮನುಷ್ಯನಂತೆ ತೋರುವ ಒಂದು ಆಕಾರ. ಪ್ರವಾದಿಯ ಭಾಷೆ ತಡವರಿಸುತ್ತದೆ. ಹೋಲಿಕೆ, ತೋರಿಕೆ ಎಂಬ ಅರ್ಥದ ‘ದೆಮೂತ್’, ‘ಮರ್ಎ’ ಎಂಬ ಪದಗಳು ಮತ್ತೆ ಮತ್ತೆ ಅಡ್ಡಬರುತ್ತವೆ. ಕೊನೆಗೆ ಅವನು ದೇವರನ್ನು ಕಂಡೆನೆನ್ನದೆ, ದೇವರ ತೇಜಸ್ಸಿನ ಹೋಲಿಕೆಯ ತೋರಿಕೆಯೆಂದು ಮೂರು ತೆರೆಗಳ ಹಿಂದೆ ನಿಲ್ಲುತ್ತಾನೆ. ಹಿಂಜರಿಕೆ ಪದಗಳಲ್ಲಿದೆ, ದೃಶ್ಯದಲ್ಲಿಲ್ಲ. ಸಿಂಹಾಸನಕ್ಕೆ ಗಾಲಿಗಳಿವೆ. ಊರನ್ನೂ ಮಂದಿರವನ್ನೂ ಬಿಟ್ಟುಬಂದ ಜನರಿಗೆ, ದೇವರು ಯೆರೂಸಲೇಮಿನ ಗರ್ಭಗೃಹದಲ್ಲಿಯೇ ಉಳಿದುಹೋದನೋ ಎಂಬುದು ಶಾಸ್ತ್ರಚರ್ಚೆಯ ಪ್ರಶ್ನೆಯಾಗಿರಲಿಲ್ಲ. ತೇಜಸ್ಸು ಮಂದಿರದ ಹೊಸ್ತಿಲನ್ನು ದಾಟಿ, ಪಟ್ಟಣದ ಮೂಡಣ ಬೆಟ್ಟದ ಮೇಲೆ ನಿಂತುದನ್ನೂ ಯೆಹೆಜ್ಕೇಲನೇ ಮುಂದಿನ ಅಧ್ಯಾಯಗಳಲ್ಲಿ ವರ್ಣಿಸುತ್ತಾನೆ. ಕ್ರಿ.ಪೂ. 586ರ ಸುಮಾರಿನಲ್ಲಿ ಮಂದಿರ ಸುಟ್ಟುಹೋಯಿತು.

ಧರ್ಮೋಪದೇಶಕಾಂಡದ ನಿಲುವು ಇದಕ್ಕೆ ವಿರುದ್ಧ. ಅಂದು ಬೆಟ್ಟದ ಬೆಂಕಿಯೊಳಗಿಂದ ಜನರು ಕೇಳಿದ್ದು ಧ್ವನಿಯನ್ನು ಮಾತ್ರ, ಯಾವ ರೂಪವನ್ನೂ ಕಾಣಲಿಲ್ಲ, ಆದುದರಿಂದಲೇ ರೂಪವನ್ನು ಕೆತ್ತಬಾರದು ಎಂದು ಅದು ವಾದಿಸುತ್ತದೆ. ಮುಂದಿನ ತಲೆಮಾರುಗಳು ಹಿಡಿದದ್ದು ಈ ದಾರಿಯನ್ನು. ಅಲೆಕ್ಸಾಂಡ್ರಿಯದಲ್ಲಿ ಕ್ರಿ.ಪೂ. 3ನೆಯ ಶತಮಾನದಲ್ಲಿ ಆರಂಭವಾದ ಗ್ರೀಕ್ ಅನುವಾದದಲ್ಲಿ 70 ಮಂದಿ ಹಿರಿಯರು ಕಂಡದ್ದು ದೇವರನ್ನಲ್ಲ, ದೇವರು ನಿಂತಿದ್ದ ಸ್ಥಳವನ್ನು. ಅರಮಾಯಿಕ್ ಭಾಷೆಯ ಓಂಕೆಲೋಸ್ ಅನುವಾದದಲ್ಲಿ ಅವರು ಕಂಡದ್ದು ದೇವರ ಮಹಿಮೆಯನ್ನು. ಮೂಲ ಹೀಬ್ರೂವಿನಲ್ಲಿಯೂ ಒಂದು ಸೂಕ್ಷ್ಮ ಕೆಲಸ ನಡೆಯಿತು. ಹೀಬ್ರೂವಿನ ಮೂಲ ಬರವಣಿಗೆಯಲ್ಲಿ ಪ್ರಧಾನವಾಗಿ ವ್ಯಂಜನಗಳಷ್ಟೇ ಇದ್ದವು. ಸ್ವರಚಿಹ್ನೆಗಳನ್ನು ಮಸೋರೆಟ್ ಪಂಡಿತರು ಬಹಳ ತಡವಾಗಿ ಸೇರಿಸಿದರು. ಯೆಶಾಯನ ಮೊದಲ ಅಧ್ಯಾಯದಲ್ಲಿ, ಹಬ್ಬಕ್ಕೆ ಬರುವವರ ವಿಷಯದಲ್ಲಿ, ದೇವರ ಮುಖವನ್ನು ಕಾಣಲು ಎಂದು ಓದಬಹುದಾದ ವ್ಯಂಜನಗಳಿಗೆ ಅವರು ದೇವರ ಮುಂದೆ ಕಾಣಿಸಿಕೊಳ್ಳಲು ಎಂಬರ್ಥದ ಸ್ವರಗಳನ್ನು ಕೊಟ್ಟರು. ಒಂದಕ್ಷರವೂ ಅಳಿಯಲಿಲ್ಲ, ನೋಡುವವನು ನೋಡಲ್ಪಡುವವನಾದನು.

ತಾಲ್ಮೂದಿನ ಒಂದು ಐತಿಹ್ಯ ಈ ವೈರುಧ್ಯಕ್ಕೆ ರಕ್ತದ ಬೆಲೆ ಕಟ್ಟುತ್ತದೆ. ದುಷ್ಟ ದೊರೆ ಮನಸ್ಸೆಯು ಯೆಶಾಯನನ್ನು ವಿಚಾರಣೆಗೆ ಎಳೆದು, ಯಾರೂ ದೇವರನ್ನು ಕಾಣಲಾರರೆಂದು ಮೋಶೆ ಹೇಳಿರುವಾಗ ನೀನು ಕಂಡೆನೆನ್ನುವೆಯಾ ಎಂಬ ಆರೋಪದ ಮೇಲೆ ಅವನನ್ನು ಕೊಲ್ಲಿಸಿದನಂತೆ. ಇದು ಇತಿಹಾಸವಲ್ಲ; ಆದರೆ ಪಂಡಿತರನ್ನು ಈ ಪ್ರಶ್ನೆ ಎಷ್ಟು ಕಾಡಿತ್ತೆಂಬುದಕ್ಕೆ ಒಳ್ಳೆಯ ಸಾಕ್ಷಿ. ಅವರ ಸಮಾಧಾನವೂ ಅಲ್ಲಿಯೇ ಇದೆ: ಇತರ ಪ್ರವಾದಿಗಳು ಮಸುಕಾದ ಗಾಜಿನಲ್ಲಿ ನೋಡಿದರು, ಮೋಶೆಯು ನಿರ್ಮಲವಾದ ಗಾಜಿನಲ್ಲಿ ನೋಡಿದನು. ಮಸುಕುಗಾಜಿನವರು ಕಂಡೆವೆಂದು ನಂಬಿದರು. ನಿರ್ಮಲಗಾಜಿನವನಿಗೆ ಕಾಣಲಾಗದೆಂಬುದು ತಿಳಿಯಿತು.

12ನೆಯ ಶತಮಾನದಲ್ಲಿ ಮೈಮೊನಿಡೀಸ್ ಈ ಚರ್ಚೆಯನ್ನು ತುದಿಮುಟ್ಟಿಸಿದನು. ಅರಬ್ಬಿಯಲ್ಲಿ ರಚಿಸಿದ ‘ದಿಗ್ಭ್ರಾಂತರ ಮಾರ್ಗದರ್ಶಿ’ಯ ಮೊದಲ ಭಾಗದಲ್ಲಿ ದೇವರ ಕೈ, ಕಣ್ಣು, ಮುಖ, ಬೆನ್ನು ಎಂಬ ಪದಗಳನ್ನು ಒಂದೊಂದಾಗಿ ಹಿಡಿದು ಅವುಗಳ ದೈಹಿಕ ಅರ್ಥವನ್ನು ಸುಲಿದನು, ಮಮ್ರೆಯ ಊಟವು ಪ್ರವಾದಿಯ ಅಂತರ್ದರ್ಶನವೆಂದನು. ತನ್ನ ಧರ್ಮಶಾಸ್ತ್ರಸಂಹಿತೆಯಲ್ಲಿ, ದೇವರಿಗೆ ದೇಹವಿದೆಯೆನ್ನುವವನು ಪಾಷಂಡಿಯೆಂದು ವಿಧಿಸಿದನು. ಪ್ರೊವಾನ್ಸ್ ಪ್ರಾಂತದ ಪಂಡಿತ ಅಬ್ರಹಾಂ ಬೆನ್ ಡೇವಿಡ್ ಆ ವಾಕ್ಯದ ಅಂಚಿನಲ್ಲಿ ಖಾರವಾದ ಟಿಪ್ಪಣಿ ಬರೆದನು: ಶಾಸ್ತ್ರದ ಮಾತುಗಳನ್ನು ಓದಿ ಹಾಗೆ ನಂಬಿದವರಲ್ಲಿ ಈತನಿಗಿಂತ ಹಿರಿಯರೂ ಉತ್ತಮರೂ ಇದ್ದರು, ಅವರನ್ನೇಕೆ ಪಾಷಂಡಿಗಳೆನ್ನಬೇಕು? ದೇವರಿಗೆ ದೇಹವಿದೆಯೆಂದು ಅವನು ವಾದಿಸಲಿಲ್ಲ. ಹಳೆಯ ಓದುಗರ ಮರ್ಯಾದೆಯನ್ನು ಕಾಪಾಡಿದನು. ಈ ಜಗಳದಲ್ಲಿ ಅವನ ಪಕ್ಷವೇ ಹೆಚ್ಚು ಮನುಷ್ಯತ್ವದ್ದು.

ಚಿತ್ರಕಾರರಿಗೆ ಇಷ್ಟು ವಾದ ಬೇಕಾಗಲಿಲ್ಲ. ಸಿರಿಯದ ದುರಾ ಯೂರೋಪಸ್‌ನಲ್ಲಿ 1932ರಲ್ಲಿ ಮರಳಿನಡಿಯಿಂದ ಹೊರಬಂದ, ಕ್ರಿ.ಶ. 3ನೆಯ ಶತಮಾನದ ಯೆಹೂದಿ ಪ್ರಾರ್ಥನಾಮಂದಿರದ ಗೋಡೆಗಳ ತುಂಬ ಮೋಶೆ, ಯೆಹೆಜ್ಕೇಲ ಮೊದಲಾದವರ ಚಿತ್ರಗಳಿವೆ. ದೇವರು ಬರಬೇಕಾದ ಕಡೆಯಲ್ಲಿ ಮೇಲಿನಿಂದ ಇಳಿದ ಒಂದು ಕೈ ಮಾತ್ರ ಇದೆ. ಗಲಿಲಾಯದ ದಕ್ಷಿಣದ ಬೇತ್ ಆಲ್ಫಾದ 6ನೆಯ ಶತಮಾನದ ನೆಲಹಾಸಿನಲ್ಲಿಯೂ ಅಷ್ಟೇ. ಅಬ್ರಹಾಮನು ಮಗನ ಮೇಲೆ ಕತ್ತಿಯೆತ್ತಿದ್ದಾನೆ. ಮೇಲೆ ಕಪ್ಪು ಮೋಡದಿಂದ ಚಾಚಿದ ಕೈ. ಪಕ್ಕದಲ್ಲಿ ಅವನನ್ನು ತಡೆಯುವ ಎರಡು ಹೀಬ್ರೂ ಪದಗಳು. ಬಾಗಿಲ ಬಳಿಯ ಗ್ರೀಕ್ ಬರಹವು ಇದನ್ನು ಮಾಡಿದ ಕುಶಲಕರ್ಮಿಗಳನ್ನು ಹೆಸರಿಸುತ್ತದೆ: ಮರಿಯಾನೋಸ್ ಮತ್ತು ಅವನ ಮಗ ಹನೀನ.